ಹಾಲು ಕುಡಿದ ಕಂಬ

ಅಂಟು ಬಿಟ್ಟುಕೊಂಡಿತು ಎನ್ನುತ್ತಾರೆ. ಜಕ್ಕೂರಿನ ಯಾವ ಟೀ ಅಂಗಡಿಯ ಮುಂದೆ ನಿಂತು ನನ್ನ ಸೋದರಮಾವನ ಛತ್ರದ ಮಾತು ತೆಗೆದರೂ ಸಿಗುವುದು ಇದೊಂದೇ ಕಥೆ. "ತೆಳ್ಳಗಿರೋ ಹಲಗೆಗಳ್ನ ಅಂಟಾಕಿ ಕಂಬ ಮಾಡಿದ್ರಂತೆ ಗುರು. ನಮ್ಮೂರ್ ಬಿಸ್ಲಿಗೆ ಅಂಟು ನಿಲ್ತದಾ? ಬಿಟ್ಕೊಂತು." ಇಷ್ಟು ಹೇಳಿ, ಲೋಟದ ತಳದ ಟೀ ಚೆಲ್ಲಿ, ತೀರ್ಪು ಕೊಟ್ಟವರ ಹಾಗೆ ಹೊರಟುಬಿಡುತ್ತಾರೆ.

ನಾನು ಒಪ್ಪುವುದಿಲ್ಲ. ಕಾಲೇಜಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಮೇಷ್ಟ್ರು ಒಂದು ಅಭ್ಯಾಸ ಹಿಡಿಸಿದ್ದರು: ಎಲ್ಲರೂ ಒಂದೇ ಮಾತು ಆಡುತ್ತಿದ್ದರೆ, ಆ ಮಾತಿನಿಂದ ಯಾರ್ಯಾರು ಬಚಾವಾಗುತ್ತಾರೆ ನೋಡಿ. ಅಂಟಿನ ಕಥೆಯಿಂದ ಎಲ್ಲರೂ ಬಚಾವಾಗುತ್ತಾರೆ. ಟೈಲ್ಸ್ ಹಾಕಿದವನು, ಡೆಕೋರೇಷನ್‌ನವರು, ನನ್ನ ಅಜ್ಜಿ, ಮಾವ, ಚೊಂಬು ಬಗ್ಗಿಸಿದ ನಮ್ಮ ಮನೆಯ ಅಷ್ಟೂ ಹೆಂಗಸರು. ಅಂಟಿನ ಪರವಾಗಿ ಮಾತಾಡಲು ಮಾತ್ರ ಯಾರೂ ಇಲ್ಲ.

ನಾನು ಆ ಅಂಟನ್ನು ನೋಡಿದ್ದೇನೆ. ಕಂಬದ ಬುಡವನ್ನು ಗರಗಸದಿಂದ ಕತ್ತರಿಸಿ ನೆಲಕ್ಕೆ ಮಲಗಿಸಿದಾಗ ಅಂಟಿನ ಕಪ್ಪು ಗೆರೆಗಳು ಒಂದರ ಪಕ್ಕ ಒಂದು ನೆಟ್ಟಗೆ ನಿಂತಿದ್ದವು, ಮಾಂಸ ಹೋಗಿ ಉಳಿದ ಪಕ್ಕೆಲುಬುಗಳಂತೆ. ಬಿಟ್ಟುಹೋಗಿದ್ದು ಅಂಟಲ್ಲ. ಅಂಟಿನ ನಡುವೆ ಇರಬೇಕಾಗಿದ್ದ ಮರ.

ಮಾವನ ಆ ಜಾಗದಲ್ಲಿ ಒಂದು ಕಾಲಕ್ಕೆ ದ್ರಾಕ್ಷಿ ತೋಟವಿತ್ತು. ಸುತ್ತ ಅಪಾರ್ಟ್‌ಮೆಂಟುಗಳು ಎದ್ದು ನಿಂತಮೇಲೆ ಎಲ್ಲರ ಹಾಗೆ ಅವನೂ ಛತ್ರ ಕಟ್ಟಲು ಹೊರಟ. ಎಲ್ಲರ ಹಾಗೆ ಕಟ್ಟಬಾರದು ಎನ್ನುವುದು ಅವನ ಹಟ. ಯಲಹಂಕದ ಕಡೆಯ ಒಬ್ಬ ಆರ್ಕಿಟೆಕ್ಟ್ ಅವನಿಗೆ ಚಿತ್ರಗಳನ್ನು ತೋರಿಸಿದ. ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಒತ್ತಿ, ಬೇಕಾದ ಹಾಗೆ ಬಾಗಿಸಿ ಮಾಡುವ ತೊಲೆಗಳು. ನೆಲದಿಂದ ಎದ್ದು, ನೆತ್ತಿಯ ಮೇಲೆ ಬಾಗಿ, ಆಚೆ ಬದಿಗೆ ಮತ್ತೆ ನೆಲ ಮುಟ್ಟುವ ಮರದ ಕಮಾನುಗಳು. ನಡುವೆ ಒಂದು ಕಂಬವೂ ಬೇಡ. ಗ್ಲೂಲ್ಯಾಮ್ ಎಂಬ ಹೆಸರು ನಮ್ಮವರ ಬಾಯಿಗೆ ಹತ್ತಲಿಲ್ಲ. ಅಂಟಿನ ಮರ ಎಂದೇ ಆಯಿತು.

ಕಮಾನುಗಳು ಬಂದ ದಿನ ನೆನಪಿದೆ. ಹೆಬ್ಬಾಳದ ಕಡೆಯಿಂದ ಬಂದ ಉದ್ದನೆಯ ಟ್ರೇಲರ್ ಊರಿನ ತಿರುವಿನಲ್ಲಿ ತಿರುಗಲಾರದೆ ಸರ್ವಿಸ್ ರೋಡಿನಲ್ಲೇ ನಿಂತುಬಿಟ್ಟಿತ್ತು. ಅದರ ಮೇಲೆ ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ ಸುತ್ತಿ ಮಲಗಿಸಿದ್ದ ಸಾಲು. ಹಾಲು ಹಾಕಿ ವಾಪಸು ಬರುತ್ತಿದ್ದ ಮುದುಕರೊಬ್ಬರು ಸೈಕಲ್ಲಿನಿಂದ ಇಳಿದು, ಏನು ಎತ್ತ ಕೇಳದೆ, ಕೈ ಮುಗಿದು ಮುಂದೆ ಹೋದರು. ನಾವು ನಕ್ಕೆವು.

ಕಂಪನಿಯಿಂದ ಒಬ್ಬಳು ಎಂಜಿನಿಯರ್ ಬಂದಿದ್ದಳು, ನನಗಿಂತ ಸ್ವಲ್ಪ ದೊಡ್ಡವಳಿರಬೇಕು. ಕಮಾನು ನಿಲ್ಲಿಸಿ, ಚಾವಣಿ ಮುಚ್ಚಿಸಿ, ಹೊರಡುವ ದಿನ ಮಾವನನ್ನು ಒಂದು ಕಂಬದ ಬುಡದ ಹತ್ತಿರ ಕರೆದಳು. ನಾವು ಕಂಬ ಎನ್ನುತ್ತಿದ್ದ ಕಮಾನಿನ ಕಾಲು ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಇಳಿದಿತ್ತು. ಅವರೆಲ್ಲ ಅದನ್ನು ಶೂ ಎನ್ನುತ್ತಿದ್ದರು.

"ಸರ್, ಈ ಪ್ಲಾಸ್ಟಿಕ್ ದಾರಿಗೆ ಮಾತ್ರ. ಈಗ ಚಾವಣಿ ಆಯ್ತಲ್ಲ, ಪೂರ್ತಿ ಬಿಚ್ಚಿಬಿಡಿ. ಒಳಗೆ ನೀರು ಹೋದ್ರೆ ಆಚೆ ಬರಕ್ಕೆ ದಾರಿ ಇರಲ್ಲ. ಶೂ ಕೆಳಗಡೆ ತೂತು ಬಿಟ್ಟಿದೀವಿ ನೋಡಿ, ಅದನ್ನ ಮುಚ್ಚಬೇಡಿ. ನೆಲ ಬರೀ ಒರೆಸಿ, ಪೈಪ್ ಹಿಡಿದು ತೊಳೀಬೇಡಿ. ಮಳೆಗಾಲ ಮುಗಿದ್ಮೇಲೆ ಒಂದ್ಸಲ ಬುಡ ಎಲ್ಲಾ ಚೆಕ್ ಮಾಡ್ಸಿ. ಇಷ್ಟು ನೋಡ್ಕೊಂಡ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಲ್ಲ."

"ಆಯ್ತು ಕಣಮ್ಮ," ಎಂದ ಮಾವ. "ಮಗೀನಂಗೆ ನೋಡ್ಕಂತೀನಿ."

ತೊಂದರೆ ಇದ್ದದ್ದೇ ಅಲ್ಲಿ. ಅವನು ನಿಜವಾಗಿಯೂ ಮಗುವಿನ ಹಾಗೆ ನೋಡಿಕೊಂಡ.

ಮಾವನ ಮನೆಗೆ ಬಂದವರಿಗೆ ಇದು ಗೊತ್ತಾಗುತ್ತದೆ. ಅವನ ಸೋಫಾದ ಬಟ್ಟೆ ಯಾವ ಬಣ್ಣದ್ದೆಂದು ನಮಗೆ ಕಣ್ಣಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ ಅದರ ಮೇಲೆ ಇನ್ನೂ ಇದೆ. ಕಾರಿನ ಸೀಟಿಗೂ ಇದೆ. ಬೇಸಿಗೆಯಲ್ಲಿ ಇಳಿಯುವಾಗ ತೊಡೆ ಚರ್ರೆಂದು ಕಿತ್ತುಕೊಂಡು ಬರುತ್ತದೆ. ರಿಮೋಟಿಗೆ ಕವರ್, ಫ್ರಿಜ್ಜಿನ ಹಿಡಿಗೆ ಕವರ್. ಕೇಳಿದರೆ, "ಕವರ್ ತೆಗ್ದ್ ದಿನಾನೇ ವಸ್ತು ಅಳೇದಾಯ್ತದೆ ಕಣಮ್ಮಿ" ಎನ್ನುತ್ತಾನೆ. ಇಂಥವನು ಊರಿಗೇ ಮೊದಲನೆಯದಾದ ಮರದ ಕಮಾನಿನ ಕವರ್ ತೆಗೆಯುತ್ತಾನೆಯೇ? ಮೇಲಿನದ್ದನ್ನು ತೆಗೆಸಿದ, ಲೈಟು ಬಿದ್ದಾಗ ಮರ ಹೊಳೆಯಲಿ ಅಂತ. ನೆಲದಿಂದ ಎದೆಮಟ್ಟದವರೆಗಿನದನ್ನು ಹಾಗೇ ಬಿಟ್ಟ. ಸಾಂಬಾರಿನ ಕೈ, ಕುಂಕುಮದ ಕೈ, ಮಕ್ಕಳ ಬೂಟು, ಪಂಕ್ತಿ ಎದ್ದಮೇಲೆ ನೆಲ ತೊಳೆಯುವ ನೀರು, ಎಲ್ಲದರಿಂದ ಕಾಪಾಡಬೇಕಲ್ಲ. ಪ್ಲಾಸ್ಟಿಕ್ ಕಾಣಬಾರದೆಂದು ಡೆಕೋರೇಷನ್‌ನವರು ಅದರ ಮೇಲೆ ನೆರಿಗೆ ಹಿಡಿದು ಸ್ಯಾಟಿನ್ ಬಟ್ಟೆ ಸುತ್ತಿದರು. ಟೈಲ್ಸ್‌ನವನು ಶೂ ಕೆಳಗಿನ ತೂತುಗಳನ್ನು ನೋಡಿ, "ಜಿರಳೆ ಬರ್ತವೆ ಸಾರ್" ಎಂದು ಬಿಳಿ ಸಿಮೆಂಟ್ ಮೆತ್ತಿದ. ಯಾರೂ ಕೆಟ್ಟದ್ದು ಬಯಸಲಿಲ್ಲ. ನಾನು ಇದನ್ನು ಕ್ಷಮಿಸುವ ಧಾಟಿಯಲ್ಲಿ ಹೇಳುತ್ತಿಲ್ಲ. ಕೆಟ್ಟದ್ದು ಬಯಸಿದ್ದರೆ ಯಾರಾದರೂ ತಡೆಯುತ್ತಿದ್ದರು.

ಇಷ್ಟೇ ಆಗಿದ್ದರೆ ಮರ ಇನ್ನೂ ಕೆಲಕಾಲ ತಡೆದುಕೊಳ್ಳುತ್ತಿತ್ತೇನೋ. ಆದರೆ ಹಾಲುಗಂಬ ಬಂತು.

ನಮ್ಮಲ್ಲಿ ಮದುವೆಯ ಹಿಂದಿನ ದಿನ ಚಪ್ಪರದ ಶಾಸ್ತ್ರ. ಸೋದರಮಾವ ಹಸಿ ಕೊಂಬೆ ತರುತ್ತಾನೆ. ಅದನ್ನು ಚಪ್ಪರದ ಕಂಬಕ್ಕೆ ಕಟ್ಟಿ, ಅರಿಶಿನದ ದಾರ ಸುತ್ತಿ, ಮುತ್ತೈದೆಯರು ಒಬ್ಬೊಬ್ಬರಾಗಿ ಹಾಲು ಬಿಡುತ್ತಾರೆ. ಊರುಗಳು ಲೇಔಟುಗಳಾದಮೇಲೆ ಚಪ್ಪರ ಹೋಯಿತು, ಕಂಬ ಹೋಯಿತು. ಬಾಗಲಗುಂಟೆಯ ಒಂದು ಛತ್ರದಲ್ಲಿ ಮರಳು ತುಂಬಿದ ಪೇಂಟ್ ಡಬ್ಬಿಯಲ್ಲಿ ಕೊಂಬೆ ನಿಲ್ಲಿಸಿ ಹಾಲು ಬಿಟ್ಟದ್ದನ್ನು ಅಜ್ಜಿ ಇವತ್ತಿಗೂ ಕ್ಷಮಿಸಿಲ್ಲ. ಮಾವನ ಛತ್ರದ ಮೊದಲ ಮದುವೆಗೆ ಅವಳು ಒಳಗೆ ಬಂದು ತಲೆ ಎತ್ತಿ ನೋಡಿ, "ಕಮಾನು ಗಾಡೀಲಿ ಕುಂತಂಗೈತೆ" ಎಂದಳು. ಆಮೇಲೆ ಬಾಗಿಲ ಬಲಗಡೆಯ ಮೊದಲ ಕಾಲಿಗೆ ಅಂಗೈ ಒತ್ತಿ, "ಕಬ್ಣದ ಕಂಬಿಗೆ ಆಲು ಬುಡೋ ಕಾಲ ಬಂತಲ್ಲಾ ಅಂತಿದ್ದೆ. ನನ್ ಮಗ ನಿಜವಾದ ಮರ ನಿಲ್ಸವ್ನೆ. ಇಲ್ಲೇ ಕಟ್ರಿ" ಎಂದುಬಿಟ್ಟಳು.

ಕಟ್ಟಿದರು. ಕೊಂಬೆಯನ್ನು ಎದೆಮಟ್ಟದಲ್ಲಿ, ಪ್ಲಾಸ್ಟಿಕ್ ಮುಗಿಯುವ ಅಂಚಿನಲ್ಲೇ ಕಟ್ಟಿದರು. ಹಾಲು ಬಿಟ್ಟರು. ಒಂದಿಷ್ಟು ಪ್ಲಾಸ್ಟಿಕ್ಕಿನ ಮೇಲೆ ಇಳಿದು ನೆಲಕ್ಕೆ ಬಂತು. ಒಂದಿಷ್ಟು ಅಂಚಿನೊಳಗೆ ಇಳಿಯಿತು. ಬಂದವರಿಗೆಲ್ಲ ಇದು ಬಹಳ ಹಿಡಿಸಿತು. ನಿಜವಾದ ಮರಕ್ಕೇ ಹಾಲು ಬಿಡುವ ಛತ್ರ ಅಂತ ಹೆಸರಾಗಿ, ಸುತ್ತಲಿನ ಊರಿನವರೆಲ್ಲ ಮಾವನನ್ನು ಹುಡುಕಿಕೊಂಡು ಬಂದರು. ಪ್ರತಿ ಮದುವೆಗೂ ಕೊಂಬೆ ಕಟ್ಟಿ ಬಿಚ್ಚಿ, ಕಟ್ಟಿ ಬಿಚ್ಚಿ, ಪ್ಲಾಸ್ಟಿಕ್ಕಿನ ಅಂಚು ಸಡಿಲವಾಗಿ ಜೇಬಿನ ಹಾಗೆ ಬಾಯಿ ತೆರೆಯಿತು.

ಮೊದಲು ನನಗೆ ತಟ್ಟಿದ್ದು ವಾಸನೆ. ಯಾರದೋ ಆರತಕ್ಷತೆ. ಮಲ್ಲಿಗೆ, ಸೆಂಟು, ಗೋಬಿ ಮಂಚೂರಿ ಎಲ್ಲದರ ಅಡಿಯಲ್ಲಿ ಒಂದು ಹುಳಿ ವಾಸನೆ. ಶನಿವಾರ ಸ್ಕೂಲ್ ಬ್ಯಾಗಿನಲ್ಲಿ ಮರೆತ ಮೊಸರನ್ನದ ಡಬ್ಬಿಯನ್ನು ಸೋಮವಾರ ತೆರೆದಂತೆ. ಇನ್ನೊಮ್ಮೆ ಹೋದಾಗ ಸ್ಯಾಟಿನ್ನಿನ ನೆರಿಗೆಯೊಳಗಿಂದ ಇರುವೆಗಳು ಸಾಲಾಗಿ ಇಳಿಯುತ್ತಿದ್ದವು. ಮಳೆಗಾಲ ಮುಗಿಯುವ ಹೊತ್ತಿಗೆ, ಶೂ ಮತ್ತು ಪ್ಲಾಸ್ಟಿಕ್ ಸೇರುವ ಕಡೆ ಒಂದು ಅಣಬೆ ಕಂಡಿತು. ಶರ್ಟಿನ ಗುಂಡಿಯಷ್ಟೇ. ಬಿಳಿ, ಅಚ್ಚುಕಟ್ಟು. ಬೆರಳಿನಿಂದ ಮುಟ್ಟಿದರೆ ತಣ್ಣಗಿತ್ತು.

ಅಕ್ಕನ ಮದುವೆ ಅಲ್ಲೇ ಎಂದು ಆಗಲೇ ಗೊತ್ತಾಗಿತ್ತು. ಸೋದರಮಾವನ ಛತ್ರ ಇರುವಾಗ ಬೇರೆ ಕಡೆ ಮಾಡಿದರೆ ಅದೊಂದು ಜಗಳ. ಆ ಚಾವಣಿಯ ಕೆಳಗೆ ಅಕ್ಕ ಕೂರುತ್ತಾಳೆ, ಅಮ್ಮ ಕೂರುತ್ತಾಳೆ, ನಮ್ಮ ಇಡೀ ಕುಲ ಕೂರುತ್ತದೆ. ಭಾನುವಾರ ಊಟಕ್ಕೆ ಎಲ್ಲರೂ ಮಾವನ ಮನೆಯಲ್ಲಿ ಸೇರಿದಾಗ ಮುದ್ದೆ ಮುರಿಯುತ್ತಲೇ ಮಾತು ತೆಗೆದೆ.

"ಮಾವ, ಬಲಗಡೆ ಮೊದಲನೇ ಕಾಲಲ್ಲಿ ಅಣಬೆ ಬಂದಿದೆ."

"ಮರ ಅಲ್ವಾ ಕಣಮ್ಮಿ. ಜೀವ ಐತೆ."

"ಜೀವ ಇರೋದು ಅಣಬೆಗೆ. ಮರ ಅದರ ಊಟ."

ಅತ್ತೆ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ಮಾವ ಸೊಪ್ಪಿನ ಸಾರು ಬಡಿಸಿಕೊಳ್ಳುತ್ತ, "ನೋಡ್ರಪ್ಪ, ಲಾಯರಮ್ಮ ಶುರು ಅಚ್ಕಂಡ್ಲು. ಸಾಕ್ಷಿ ತಂದಿದ್ದೀಯೇನಮ್ಮ?" ಎಂದ.

"ಸಾಕ್ಷಿ ಅಲ್ಲೇ ಇದೆ. ಪ್ಲಾಸ್ಟಿಕ್ ಬಿಚ್ಚಿಸಿ. ಆ ಎಂಜಿನಿಯರ್ ಏನ್ ಹೇಳಿದ್ಲು?"

"ಏನ್ ಏಳಿದ್ಲು? ನೀರು ತಾಕಿಸ್ಬ್ಯಾಡಿ ಅಂದ್ಲು. ಅದ್ಕೇ ಕವರ್ ಬುಟ್ಟಿವ್ನಿ. ನೀನೇ ಏಳು, ಕವರ್ ಇದ್ರೆ ನೀರ್ ಎಂಗ್ ಓಯ್ತದೆ?"

"ಹೆಂಗ್ ಹೋಯ್ತದೆ ಅನ್ನೋದಲ್ಲ ಮಾವ ಪ್ರಶ್ನೆ. ಹೋದದ್ದು ಹೆಂಗ್ ಆಚೆ ಬರುತ್ತೆ?"

ವೇದಿಕೆಯ ಮೇಲಾಗಿದ್ದರೆ ಇಷ್ಟಕ್ಕೆ ಚಪ್ಪಾಳೆ ಬೀಳುತ್ತಿತ್ತು. ಊಟದ ಮನೆಯಲ್ಲಿ ಬೀಳಲಿಲ್ಲ. ಅಜ್ಜಿ ಮೂಲೆಯಿಂದ, "ಆಲು ಬುಟ್ಟಿದ್ದು ಯಾವತ್ತಾದ್ರೂ ಕೆಟ್ಟದ್ ಮಾಡ್ತದಾ?" ಎಂದಳು. ಅದಕ್ಕೆ ಎದುರಾಡಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ತಟ್ಟೆ ಎತ್ತಿಕೊಂಡು ಎದ್ದಳು. "ಇವಳಿಗೆ ನನ್ ಮದ್ವೆನೂ ಒಂದ್ ಟಾಪಿಕ್ಕು. ಸಾಕ್ ಮಾಡೇ." ಸೀಸನ್ ಮುಗಿದಮೇಲೆ ನೋಡಿಸುತ್ತೇನೆ ಎಂದ ಮಾವ. ಮಾತು ಅಲ್ಲಿಗೆ ನಿಂತಿತು. ನಾನು ವಾದದಲ್ಲಿ ಸೋಲಲಿಲ್ಲ, ಕೇಳುವವರು ಎದ್ದುಹೋದರು.

ಚಪ್ಪರದ ಶಾಸ್ತ್ರದ ದಿನ ಬಿಸಿಲು ಚುರುಕಾಗಿತ್ತು. ಏರೋಡ್ರೋಮಿನ ಸಣ್ಣ ವಿಮಾನಗಳು ತಲೆಯ ಮೇಲೆ ಗುಂಯ್‌ಗುಟ್ಟುತ್ತಿದ್ದವು. ಮಾವ ಹೊಸ ಪಂಚೆ ಉಟ್ಟು, ಕೊಂಬೆಯನ್ನು ಹೆಗಲ ಮೇಲೆ ಹೊತ್ತು, ವಾಲಗದವರ ಹಿಂದೆ ಬಂದ. ಅದನ್ನು ಕಂಬಕ್ಕೆ ಕಟ್ಟಿದರು. ಅಜ್ಜಿ ಬಿಟ್ಟಳು, ಅಮ್ಮ ಬಿಟ್ಟಳು, ಅತ್ತೆ ಬಿಟ್ಟಳು. ಕೊನೆಗೆ ಮದುಮಗಳು. ಅಕ್ಕ ಎರಡೂ ಕೈಯಲ್ಲಿ ಚೊಂಬು ಹಿಡಿದು, ತುಂಬಿದ ಚೊಂಬನ್ನು ನಿಧಾನವಾಗಿ ಬಗ್ಗಿಸಿದಳು. ನಾನು ಒರೆಸಲು ಬಟ್ಟೆ ಹಿಡಿದು ಬುಡದಲ್ಲಿ ಕೂತಿದ್ದೆ. ಆ ಕೆಲಸ ತಂಗಿಯದು.

ಒರೆಸಲು ಏನೂ ಬರಲಿಲ್ಲ.

ಚೊಂಬು ಖಾಲಿಯಾಯಿತು. ನೆಲ ಒಣಗಿತ್ತು. ಅಕ್ಕ ಚೊಂಬಿನೊಳಗೆ ಬಗ್ಗಿ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಅಜ್ಜಿ ಎರಡೂ ಕೈ ಮೇಲೆತ್ತಿ ಕೂಗಿದಳು: "ಕಂಬ ಆಲು ಕುಡೀತು! ಕಂಬ ಆಲು ಕುಡೀತು ಕಣ್ರವ್ವಾ!"

ವಾಲಗದವರು ಜೋರು ಮಾಡಿದರು. ಹೆಂಗಸರು ಅಕ್ಕನ ಕೆನ್ನೆಗೆ ಅರಿಶಿನ ಬಳಿದರು. ಮಾವ ಹೆಮ್ಮೆಯಿಂದ ಸುತ್ತ ನೋಡಿ, ನನ್ನ ಕಡೆ ತಿರುಗಿ, "ಏನಮ್ಮ ಲಾಯರಮ್ಮ, ಈಗೇನಂತೀಯ?" ಎಂದ. ಯಾರೋ ಮೊಬೈಲ್ ಹಿಡಿದು, ಇನ್ನೊಂದು ಚೊಂಬು ಬಿಡಿ, ವಿಡಿಯೋ ಮಾಡ್ತೀನಿ ಎಂದರು. ಬಿಟ್ಟರು. ಅದೂ ಹೋಯಿತು. ನನ್ನ ಕಿವಿ ಕಂಬದ ಹತ್ತಿರವೇ ಇತ್ತು. ಒಳಗೆ ಎಲ್ಲೋ ಕೆಳಗೆ, ಖಾಲಿ ಕೊಡಕ್ಕೆ ನೀರು ಬೀಳುವ ಸದ್ದು ಕೇಳಿಸಿತು. ಗಟ್ಟಿ ಮರದೊಳಗೆ ಅಂಥ ಸದ್ದು ಇರಬಾರದು.

ಬಾಳೆಕಂದು ಕಡಿಯಲು ತಂದಿದ್ದ ಕುಡುಗೋಲು ಬಾಗಿಲ ಹತ್ತಿರ ಬಿದ್ದಿತ್ತು. ನಾನು ಯಾರನ್ನೂ ಕೇಳಲಿಲ್ಲ. ಸ್ಯಾಟಿನ್ ಸರಿಸಿ, ಪ್ಲಾಸ್ಟಿಕ್ಕನ್ನು ಎದೆಮಟ್ಟದಿಂದ ನೆಲದವರೆಗೆ ಒಂದೇ ಎಳೆತಕ್ಕೆ ಸೀಳಿದೆ.

ಮೊದಲು ವಾಸನೆ ಹೊರಗೆ ಬಂತು. ವಾಲಗ ಊದುತ್ತಿದ್ದವರು ನಿಲ್ಲಿಸಿದ್ದು ಅದಕ್ಕೇ ಇರಬೇಕು. ಆಮೇಲೆ ಹಾಲು, ಆದರೆ ಬಿಳಿಯಲ್ಲ. ಕಂದು ನೀರಿನಲ್ಲಿ ಗಟ್ಟಿ ಮೊಸರಿನ ತುಂಡು, ಅದರ ಜೊತೆ ನೆನೆದ ರಸ್ಕಿನ ಹಾಗೆ ಮರದ ಚೂರು. ಮಾವ ಮುಂದೆ ಬಂದು ಕಂಬಕ್ಕೆ ಕೈ ಹಾಕಿದ. ಕಿತ್ತುಕೊಂಡ ಪ್ಲಾಸ್ಟಿಕ್ಕನ್ನು ಮತ್ತೆ ಮುಚ್ಚಲು ಹೋದ ಅನಿಸುತ್ತದೆ. ಅವನ ಹೆಬ್ಬೆರಳು ಮರದೊಳಗೆ ಹೋಯಿತು. ಬುಡದಲ್ಲಿ, ಶೂ ಹತ್ತಿರ, ಪೂರ್ತಿ ಹೋಯಿತು. ಅವನು ಅದನ್ನು ಹೊರಗೆ ತೆಗೆದು, ಪಂಚೆಗೆ ಒರೆಸಿಕೊಂಡು, ತಲೆ ಎತ್ತಿ ಕಮಾನು ನೋಡಿದ. ನಾವೆಲ್ಲ ನೋಡಿದೆವು. ಅಷ್ಟು ದೊಡ್ಡ ಚಾವಣಿ ಅಷ್ಟೇ ಸುಮ್ಮನೆ ನಿಂತಿತ್ತು.

"ಎಲ್ಲಾರೂ ಆಚೆ ನಡೀರಿ," ಎಂದ ಮಾವ, ಬಹಳ ಮೆಲ್ಲಗೆ. ಅವನ ದನಿ ಅಷ್ಟು ಮೆಲ್ಲಗಿದ್ದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅಕ್ಕನ ಮದುವೆ ಕಾರು ನಿಲ್ಲಿಸುವ ಜಾಗದಲ್ಲಿ ಶಾಮಿಯಾನದ ಕೆಳಗೆ ನಡೆಯಿತು. ಧಾರೆಯ ಹೊತ್ತಿಗೆ ಗಾಳಿ ಎದ್ದು ಶಾಮಿಯಾನ ಪಟಪಟ ಎಂದಾಗಲೆಲ್ಲ ಜನ ತಿರುಗಿ ನೋಡುತ್ತಿದ್ದದ್ದು ಛತ್ರದ ಕಡೆಗೆ. ಒಳಗೆ ಜಾಕಿಗಳನ್ನು ಕೊಟ್ಟು ಕಮಾನನ್ನು ಹಿಡಿದು ನಿಲ್ಲಿಸಿದ್ದು ಬಾಗಿಲಿನಿಂದ ಕಾಣುತ್ತಿತ್ತು. ಏನಾಯಿತು ಎಂದು ನೆಂಟರು ಕೇಳಿದರು. "ಅಂಟು ಬಿಟ್ಕಂತು" ಎಂದ ಮಾವ. ನಾನು ಮೊದಲ ಬಾರಿಗೆ ಆ ಮಾತು ಕೇಳಿದ್ದು ಅವನ ಬಾಯಿಂದಲೇ. ಹಾಲು ಅನ್ನಲು ಅವನಿಗೆ ಆಗಲಿಲ್ಲ. ಮದುಮಗಳು ಬಿಟ್ಟ ಹಾಲಿನಿಂದ ಕಂಬ ಕೊಳೆಯಿತು ಎಂದು ಆ ದಿನ ಯಾರು ಹೇಳುತ್ತಾರೆ? ಸರಿ, ಆ ದಿನ ಹೇಳಬೇಡ. ಆಮೇಲೂ ಹೇಳಲಿಲ್ಲ.

ಅದೇ ಎಂಜಿನಿಯರ್ ಬಂದಳು. ಕೊಳೆತ ಬುಡವನ್ನು ಕತ್ತರಿಸಿ, ಗಟ್ಟಿ ಮರಕ್ಕೆ ಹೊಸ ತುಂಡು ಬೆಸೆದು, ನೆಲದಿಂದ ಎತ್ತರಿಸಿದ ಹೊಸ ಶೂ ಕೂರಿಸಿದರು. ಕತ್ತರಿಸಿದ ತುಂಡನ್ನು ಅವಳು ಮಾವನ ಮುಂದೆ ಹಿಡಿದು ಅಂಟಿನ ಗೆರೆ ತೋರಿಸಿದಳು. "ಅಂಟು ಗಟ್ಟಿಯಾಗೇ ಇದೆ ನೋಡಿ ಸರ್." ಮಾವ ನೋಡಲಿಲ್ಲ. ಅವಳು ಮುಂದುವರಿಸಿದಳು: "ಉಳಿದ ಕಾಲುಗಳಿಗೂ ಇದೇ ಪ್ಲಾಸ್ಟಿಕ್ ಇದೆ. ಹಾಲು ಬಿಟ್ಟಿಲ್ಲ ಅಂದ್ರೂ ನೆಲ ತೊಳೆದ ನೀರು ಹೋಗಿರುತ್ತೆ. ಎಲ್ಲಾ ಬಿಚ್ಚಿ ನಾನು ನೋಡೋ ತನಕ ಓಪನ್ ಮಾಡ್ಬೇಡಿ."

"ಆಯ್ತು ಕಣಮ್ಮ," ಎಂದ ಮಾವ.

ಅದೇ ಆಯ್ತು. ಅದೇ ಧಾಟಿ. ಪ್ಲಾಸ್ಟಿಕ್ ಬಿಚ್ಚಿ ಅಂದಾಗಲೂ ಹೀಗೇ ಅಂದಿದ್ದ. ನಾನು ಅಲ್ಲೇ ಎದ್ದು ನಿಂತು ಇವತ್ತೇ ಬಿಚ್ಚಿಸಿ ಎಂದೆ. "ನಿನ್ ಕುಡುಗೋಲಿನ್ ಕೆಲ್ಸ ನೋಡಾಯ್ತು, ನಡಿ" ಎಂದ. ನಕ್ಕೇ ಅಂದ. ಆದರೆ ಆಮೇಲೆ ನಮ್ಮ ಮನೆಗೆ ಬರುವುದು ನಿಲ್ಲಿಸಿದ, ನಾನೂ ಛತ್ರದ ಕಡೆ ಹೋಗಲಿಲ್ಲ. ಎಂಜಿನಿಯರ್ ಮತ್ತೆ ಬಂದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಛತ್ರ ಮತ್ತೆ ತೆರೆದಿದೆ, ಬುಕಿಂಗ್ ನಡೆದಿದೆ ಎಂದು ಗೊತ್ತಾದದ್ದು ಟೀ ಅಂಗಡಿಯಲ್ಲಿ.

ಮೊನ್ನೆ ಹೋಗಲೇಬೇಕಾಯಿತು. ಮದುವೆ ಮಾವನ ಮಗಳದ್ದೇ.

ಬಾಗಿಲ ಬಲಗಡೆಯ ಕಾಲು ಈಗ ಬೆತ್ತಲೆ. ಬಟ್ಟೆ ಇಲ್ಲ, ಪ್ಲಾಸ್ಟಿಕ್ ಇಲ್ಲ, ಹೊಸ ಮರ ಹಳೆಯ ಮರಕ್ಕೆ ಸೇರಿದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ನಾನು ನೋಡಿದವುಗಳಲ್ಲಿ ಅದೇ ಅತ್ಯಂತ ಆರೋಗ್ಯವಂತ ಕಂಬ. ಅದರ ಹತ್ತಿರ ಯಾರೂ ನಿಲ್ಲುತ್ತಿರಲಿಲ್ಲ. ಆ ಕಂಬಕ್ಕೆ ದೋಷವಿದೆ ಎಂದು ಅಜ್ಜಿ ತೀರ್ಮಾನಿಸಿದ್ದಾಳಂತೆ. ಅದಕ್ಕೇ ಈಗ ಹಾಲು ಬಿಡುವುದು ಎಡಗಡೆಯದಕ್ಕೆ.

ಎಡಗಡೆಯ ಕಂಬಕ್ಕೆ ಎದೆಮಟ್ಟದವರೆಗೆ ಗುಲಾಬಿ ಬಣ್ಣದ ಸ್ಯಾಟಿನ್ ಸುತ್ತಿತ್ತು. ಅದರಾಚೆಗಿನದಕ್ಕೂ. ಅದರಾಚೆಗಿನದಕ್ಕೂ. ಕೊಂಬೆ ಕಟ್ಟಿ ಆಗಿತ್ತು. ಅಮ್ಮ ಹಾಲು ಬಿಟ್ಟು ಪಕ್ಕಕ್ಕೆ ಸರಿದಳು. ಮಾವನ ಮಗಳು ಅರಿಶಿನದ ಮುಖದಲ್ಲಿ ನಗುತ್ತ ಕಾಯುತ್ತಿದ್ದಳು. ತಂದೆಯೇ ಚೊಂಬಿಗೆ ಹಾಲು ಸುರಿದು ಅವಳ ಕೈಗೆ ಕೊಡುತ್ತಿದ್ದ. ಯಾರೋ ನನ್ನ ಕೈಗೆ ಒರೆಸುವ ಬಟ್ಟೆ ಕೊಟ್ಟರು. ಬುಡದಲ್ಲಿ ಕೂತೆ. ನೆಲ ಒಣಗಿತ್ತು. ಸ್ಯಾಟಿನ್ನಿನ ಮೇಲೆ ಅಂಗೈ ಇಟ್ಟು ಒತ್ತಿದೆ. ಬಟ್ಟೆಯ ಕೆಳಗೆ ಪ್ಲಾಸ್ಟಿಕ್ ಚರಚರ ಎಂದಿತು.

ತಲೆ ಎತ್ತಿದೆ. ಮಾವ ನನ್ನನ್ನೇ ನೋಡುತ್ತಿದ್ದ. ಅವನಿಗೂ ಕೇಳಿಸಿತ್ತು.

"ಮಾವ," ಎಂದೆ, ವಾಲಗದ ಸದ್ದಿನಲ್ಲಿ ಅವನೊಬ್ಬನಿಗೆ ಕೇಳುವಷ್ಟು ಮಾತ್ರ, "ಇದನ್ನ ಬಿಚ್ಚಿ ನೋಡಿದ್ರಾ?"